ಹಳೆ ಪಿಕಪ್ಪಿನಲ್ಲಿ ಕೆಂಪು ಚೀಲ

ನಮ್ಮ ಮನೆ, ವಾರಂಡಿ
ಮಂಗಳವಾರ, ಡಿಸೆಂಬರ್ ೯, ಮಧ್ಯಾಹ್ನ

ಪ್ರೀತಿಯ ಡಲ್ಸ್,

ಹೇಗಿದ್ದೀಯ? ನಿನ್ನ ಎಡ ಮಂಡಿ ಎಲ್ವಾಳ ಮನೆಯ ಮೆಟ್ಟಿಲುಗಳಿಗೆ ಒಗ್ಗಿತೇ? ಸೊಂಟ ಮುರಿದುಕೊಂಡವಳು ನಿನ್ನ ಅಕ್ಕನಾದರೂ ಹತ್ತಿ ಇಳಿಯುವ ಕೆಲಸವೆಲ್ಲ ನಿನ್ನ ಪಾಲಿಗೇ ಬಂದಿರುತ್ತದೆ ಎಂದು ನನಗೆ ಗೊತ್ತು. ಅವಳು ಕರೆದಾಗಲೆಲ್ಲ ಎದ್ದು ಓಡಬೇಡ. ಎರಡು ಸಲ ಕರೆಯಲಿ, ಆಮೇಲೆ ಏಳು. ನಾನು ಚೆನ್ನಾಗಿದ್ದೇನೆ. ಬೆಳಗಿನ ಸಕ್ಕರೆ ಎಷ್ಟಿದೆ ಎಂದು ನೀನು ಕೆರಿನ್‌ಳಿಗೆ ಕದ್ದು ಫೋನ್ ಮಾಡಿ ಕೇಳುವ ಅಗತ್ಯವಿಲ್ಲ, ನನ್ನನ್ನೇ ಕೇಳಬಹುದು, ಆರೂವರೆ ಇತ್ತು, ಇರಬೇಕಾದಷ್ಟೇ. ಊಟಕ್ಕೆ ತಣ್ಣನೆಯ ಕುರಿಮಾಂಸ, ಬೀಟ್‌ರೂಟ್, ಟೊಮೇಟೊ. ನಾಯಿ ನಿನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುತ್ತದೆ. ಗೋಧಿ ಮೂರರಲ್ಲಿ ಎರಡು ಪಾಲು ಕೊಯ್ದು ಆಗಿದೆ, ಕೆಳಗಿನ ಎರಡು ಹೊಲ ಉಳಿದಿವೆ. ನೀನಿಲ್ಲದೆ ಗೇಟುಗಳದ್ದೇ ನನಗೆ ದೊಡ್ಡ ಕಷ್ಟ. ಮನೆಯಿಂದ ಟಾರು ರಸ್ತೆಗೆ ಹೋಗುವಷ್ಟರಲ್ಲಿ ಏಳು ಗೇಟು, ಒಂದೊಂದಕ್ಕೂ ಇಳಿ, ತೆಗೆ, ಹತ್ತು, ಗಾಡಿ ದಾಟಿಸು, ಮತ್ತೆ ಇಳಿ, ಮುಚ್ಚು. ಐವತ್ತೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತು ಅದನ್ನೆಲ್ಲ ನೀನು ಮಾಡುತ್ತಿದ್ದೆ, ನಾನು ಸ್ಟಿಯರಿಂಗ್ ಹಿಡಿದು ಹಾಡು ಗುನುಗುತ್ತಿದ್ದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಳುವಂತಿಲ್ಲ. ಎಲ್ವಾಳ ಮನೆಯ ಫೋನಿನಲ್ಲಿ ಮಾತಾಡಿದರೆ ಇಡೀ ಅಡಿಲೇಡಿಗೇ ಕೇಳಿಸುತ್ತದೆ, ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂದು ನೀನು ಅದನ್ನು ಗಟ್ಟಿಯಾಗಿ ಇಟ್ಟಿರುತ್ತೀಯ. ಇಲ್ಲಿ ನಮ್ಮ ಫೋನು ಅಡುಗೆಮನೆಯ ಗೋಡೆಯಲ್ಲಿದೆ, ಅಡುಗೆಮನೆಯಲ್ಲಿ ಸೊಸೆ ಕೆರಿನ್ ಇದ್ದಾಳೆ. ನಾನು ಬರೆಯಬೇಕಾಗಿರುವುದು ಅವಳ ವಿಷಯವೇ. ಹಾಗಾಗಿ ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಉಣ್ಣೆಮೂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮೂಟೆಯನ್ನು ಬೈಯಿ.

ನೀನು ಹೊರಟ ಮಾರನೇ ದಿನವೇ ಶುರುವಾಯಿತು. ಬೆಳಗ್ಗೆ ನನ್ನ ಪಿಕಪ್ಪಿನ ಬಾಗಿಲು ತೆಗೆದರೆ ಪಕ್ಕದ ಸೀಟಿನ ಮೇಲೆ ಒಂದು ಕೆಂಪು ಚೀಲ. ಮೇಲೆ ಬಿಳಿ ಶಿಲುಬೆ. ಚೀಲದ ಮುಂದಿನ ಪ್ಲಾಸ್ಟಿಕ್ ಜೇಬಿನಲ್ಲಿ ಒಂದು ಕಾರ್ಡು, ಕೆರಿನ್‌ಳ ದುಂಡು ಅಕ್ಷರದಲ್ಲಿ. ಆಲ್ವಿನ್ ನೋಸ್ಕಿ, ವಯಸ್ಸು ಎಪ್ಪತ್ತಾರು, ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹೋಗಿತ್ತು, ಆಸ್ಪಿರಿನ್ ಕೊಡಲೇಬಾರದು. ಅದರ ಕೆಳಗೆ ನನ್ನ ಮಾತ್ರೆಗಳ ಪಟ್ಟಿ, ಮೂತ್ರದ ಮಾತ್ರೆಯೂ ಸೇರಿ. ಆ ಮಾತ್ರೆಯ ಸಂಗತಿ ನಮ್ಮಿಬ್ಬರಿಗೆ ಬಿಟ್ಟರೆ ಡಾಕ್ಟರಿಗೆ ಮಾತ್ರ ಗೊತ್ತು. ಡಾಕ್ಟರು ಹೇಳುವವರಲ್ಲ. ಇನ್ನು ಉಳಿದವರು ಯಾರು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ ಡಲ್ಸ್. ಚೀಲದೊಳಗೆ ಸಕ್ಕರೆ ಅಳೆಯುವ ಯಂತ್ರ, ಇನ್ಸುಲಿನ್, ನಾನು ಎಚ್ಚರ ತಪ್ಪಿ ಬಿದ್ದರೆ ಬೇರೆಯವರು ಚುಚ್ಚಬೇಕಾದ ಕಿತ್ತಳೆ ಡಬ್ಬಿಯ ಸೂಜಿಮದ್ದು, ಸಕ್ಕರೆ ತೀರಾ ಇಳಿದರೆ ತಿನ್ನಲು ಒಂದು ಪೊಟ್ಟಣ ಜೆಲ್ಲಿ ಮಿಠಾಯಿ. ಎಚ್ಚರ ತಪ್ಪಿ ಬೀಳುತ್ತೇನೆ ಎಂದು ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ, ನೋಡು.

ಅಷ್ಟಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ದಿನಾ ಸಂಜೆ ನಾನು ಟೀ ಕುಡಿಯುವ ಹೊತ್ತಿಗೆ ಅವಳು ಕಳ್ಳಹೆಜ್ಜೆ ಇಟ್ಟುಕೊಂಡು ನನ್ನ ಗಾಡಿಯ ಹತ್ತಿರ ಹೋಗುವುದು, ತಲೆ ಒಳಗೆ ತೂರಿಸಿ ಏನೋ ನೋಡುವುದು, ಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು ಒಳಗೆ ತರುವುದು. ಬೆಳಗ್ಗೆ ಮತ್ತೆ ಇಟ್ಟು ಬರುವುದು. ಕಿಟಕಿಯಿಂದ ನಾನು ಎಲ್ಲ ನೋಡುತ್ತಿದ್ದೆ. ಎಷ್ಟು ದೂರ ಓಡಿಸಿದ್ದೇನೆ ಎಂದು ಮೀಟರ್ ನೋಡಿಕೊಳ್ಳುತ್ತಿದ್ದಾಳೆ, ಮಿಠಾಯಿ ಎಷ್ಟು ಖಾಲಿಯಾಗಿದೆ ಎಂದು ಎಣಿಸುತ್ತಿದ್ದಾಳೆ ಎಂದುಕೊಂಡೆ. ಒಂದು ದಿನ ಕೇಳಿಯೇಬಿಟ್ಟೆ. ಅವಳು ನಗುತ್ತಾ, ಬಿಸಿಲಿಗೆ ನಿಂತ ಗಾಡಿಯೊಳಗೆ ಇನ್ಸುಲಿನ್ ಬೆಂದುಹೋಗುತ್ತದೆ, ಅದಕ್ಕೆ ಫ್ರೀಜರಿನಲ್ಲಿಟ್ಟ ತಣ್ಣನೆಯ ಪ್ಲಾಸ್ಟಿಕ್ ಇಟ್ಟಿಗೆ ಬದಲಾಯಿಸುತ್ತಿದ್ದೇನೆ, ಅದೂ ಟವೆಲ್ಲಿನಲ್ಲಿ ಸುತ್ತಿ, ಮಂಜು ನೇರವಾಗಿ ತಾಗಿದರೂ ಮದ್ದು ಕೆಡುತ್ತದೆ ಎಂದಳು. ಉತ್ತರ ಬಲು ಬೇಗ ಬಂತು. ಅಷ್ಟು ಬೇಗ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಏನೆಂದು ನಿನಗೆ ಗೊತ್ತು. ಈ ತಿಂಗಳು ನನ್ನ ಲೈಸೆನ್ಸಿಗೆ ಡಾಕ್ಟರ ಕಾಗದ ಬೇಕು. ಕೆರಿನ್ ಹನ್ನೊಂದು ವರ್ಷದಿಂದ ವಾರಂಡಿಯ ಸ್ವಯಂಸೇವಕರ ಆಂಬ್ಯುಲೆನ್ಸಿನಲ್ಲಿದ್ದಾಳೆ, ಡಾಕ್ಟರಿಗೆ ಅವಳ ಮಾತೆಂದರೆ ಮಾತು. ಅಕ್ಟೋಬರಿನಲ್ಲಿ ಧಾನ್ಯ ತುಂಬುವ ಸೈಲೋ ಗೋಪುರದ ಮುಂದೆ ಲಾರಿಗಳ ಸಾಲಿನಲ್ಲಿ ನಾನು ತುಸು ನಿದ್ದೆ ಹೋದದ್ದನ್ನು ಯಾರೋ ಅವಳ ಕಿವಿಗೆ ಹಾಕಿದ್ದಾರೆ. ಅಂದಿನಿಂದ ಅವಳು ನನ್ನನ್ನು ಹಾಲು ಕಾಯಿಸುವವರು ಪಾತ್ರೆ ನೋಡುವ ಹಾಗೆ ನೋಡುತ್ತಿದ್ದಾಳೆ. 'ಪಾಪ್, ಟೌನಿಗೆ ಹೊರಟ್ರಾ? ನಾನೂ ಬರ್ತೀನಿ, ಗೇಟ್ ತೆಗೀತೀನಿ' ಎಂದು ಎಷ್ಟು ಸಲ ಕೇಳಿದಳು. ತಾತನನ್ನು ಪಾಪ್ ಎನ್ನುತ್ತಿದ್ದ ಮೊಮ್ಮಕ್ಕಳು ಹಾಸ್ಟೆಲಿಗೆ ಹೋದ ಮೇಲೂ ಅವಳ ಬಾಯಲ್ಲಿ ನಾನು ಪಾಪ್ ಆಗಿಯೇ ಉಳಿದಿದ್ದೇನೆ, ಅದು ಬೇರೆ ವಿಷಯ. ಗಾಡಿ ಕಿತ್ತುಕೊಂಡರೆ ನನಗೆ ಇಲ್ಲಿ ಉಳಿಯುವುದೇನು? ಹೊಲದವರಿಗೆ ಊಟ ಒಯ್ಯುವುದು, ಡೀಸೆಲ್ ಒಯ್ಯುವುದು, ಟೌನಿನಿಂದ ಬೆಲ್ಟು, ಬೇರಿಂಗು ತರುವುದು, ಇಷ್ಟೇ ಈಗ ನನ್ನ ಕೈಯಲ್ಲಿರುವ ಕೆಲಸ. ಅದೂ ಹೋದರೆ ವರಾಂಡದ ಕುರ್ಚಿ. ಕುರ್ಚಿಯಲ್ಲಿ ಕೂರಿಸಿ ಮೇಲೊಂದು ಹೊದಿಕೆ ಹಾಕಿಬಿಡುತ್ತಾರೆ.

ಟೌನಿನ ಸೈಲೋ ಹತ್ತಿರ ಗಾಡಿ ನಿಲ್ಲಿಸಿದರೆ ಬಂದವರೆಲ್ಲ ಕಿಟಕಿಯಲ್ಲಿ ಬಗ್ಗಿ ಆ ಚೀಲ ನೋಡುತ್ತಿದ್ದರು. ಒಬ್ಬ, ಯಾರೆಂದು ಹೇಳುವುದಿಲ್ಲ, 'ಏನ್ ಆಲ್ವಿನ್, ಆಸ್ಪತ್ರೇನ ಗಾಡೀಲೇ ಇಟ್ಕೊಂಡು ಓಡಾಡ್ತಿದ್ದೀಯ?' ಎಂದ. ಅವತ್ತೇ ನಾನು ಒಂದು ಉಪಾಯ ಮಾಡಿದೆ. ಕೆರಿನ್ ಬೆಳಗ್ಗೆ ಚೀಲ ಇಟ್ಟು ಒಳಗೆ ಹೋದ ಕೂಡಲೇ ಅದನ್ನು ಎತ್ತಿ ಹಳೆ ಪಿಕಪ್ಪಿಗೆ ಸಾಗಿಸುವುದು. ಹಳೆಯದು ಹೊಲ ಬಿಟ್ಟು ಆಚೆ ಹೋಗುವುದಿಲ್ಲವಲ್ಲ, ಕೊಯ್ಲು ಮುಗಿಯುವವರೆಗೆ ನೀರಿನ ಟ್ಯಾಂಕು ಪಂಪು ಹೊತ್ತುಕೊಂಡು ಬೆಂಕಿಗೆ ಕಾಯುತ್ತಾ ನಿಂತಿರುತ್ತದೆ. ಸಂಜೆ ಟೀಗೆ ಮುಂಚೆ ಚೀಲವನ್ನು ಮತ್ತೆ ನನ್ನ ಗಾಡಿಗೆ ತಂದು ಇಡುವುದು. ಅವಳು ಬಂದು ಒಯ್ಯುತ್ತಾಳೆ. ಅವಳಿಡುವುದು, ನಾನು ತೆಗೆಯುವುದು. ನಾನಿಡುವುದು, ಅವಳು ತೆಗೆಯುವುದು. ಎಂಟು ದಿನ ಹೀಗೇ ನಡೆಯಿತು. ಚೀಲ ಗಾಡಿಯಲ್ಲಿದೆಯೇ ಎಂದು ಅವಳು ಕೇಳಿದರೆ ಗಾಡಿಯಲ್ಲೇ ಇದೆ ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ. ಹಳೆ ಗಾಡಿಯ ಸೀಟು ಸವೆದು ಜಾರುತ್ತದೆ, ಚೀಲ ಕೆಳಗೆ ಬೀಳುತ್ತಿತ್ತು ಎಂದು ಹುಲ್ಲು ಕಟ್ಟುವ ಹುರಿಯಿಂದ ಸೀಟಿನ ಸರಳಿಗೆ ಬಿಗಿದೆ, ಬೆಳಗ್ಗೆ ಕಟ್ಟುವುದು, ಸಂಜೆ ಕೊಯ್ಯುವುದು. ಅಪ್ಪ ಕಲಿಸಿದ ಮೂರು ಸುತ್ತಿನ ಗಂಟು. ಚಾಕು ಇಲ್ಲದೆ ಬಿಚ್ಚಲಾಗುವುದಿಲ್ಲ ಎಂದು ನೀನು ಮದುವೆಯಾದಾಗಿನಿಂದ ಶಪಿಸುತ್ತಿರುವ ಗಂಟು. ಮಿಠಾಯಿಯನ್ನು ಮಾತ್ರ ನಾನೂ ಲೆಸ್ಸೂ ಸೇರಿ ತಿಂದು ಮುಗಿಸಿದೆವು.

ಲೆಸ್ ಯಾರೆಂದು ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಬಂದವನು. ಕಟಾವು ಯಂತ್ರ ಓಡಿಸಲು ಮಗ ಗ್ರಾಂಟ್ ಕ್ವೀನ್ಸ್‌ಲ್ಯಾಂಡಿನಿಂದ ಕರೆಸಿದ್ದಾನೆ. ಅರವತ್ತಮೂರು ವಯಸ್ಸು, ಬಿಳಿ ಗಡ್ಡ, ದೂರದಿಂದ ನೋಡಿದರೆ ನನ್ನ ಹಾಗೇ ಇದ್ದಾನೆ ಎಂದು ಗ್ರಾಂಟ್ ಹೇಳುತ್ತಾನೆ, ನಾನು ಒಪ್ಪುವುದಿಲ್ಲ. ಮೊದಲು ಅವನ ಮೇಲೂ ನನಗೆ ಗುಮಾನಿಯೇ. ಟೀಗೆ ಹಾಲು ಹಾಕುವುದಿಲ್ಲ. ಊಟದ ಹೊತ್ತಿನಲ್ಲಿ ಪುಸ್ತಕ ಓದುತ್ತಾನೆ. ಹೆಂಡತಿ ಮಕ್ಕಳ ಬಗ್ಗೆ ಕೇಳಿದರೆ 'ಇದಾರೆ' ಎಂದಷ್ಟೇ ಹೇಳುತ್ತಾನೆ. ಆದರೆ ಯಂತ್ರವನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾನೆ, ದಿನಕ್ಕೆ ಮೂರು ಸಲ ಹೊಟ್ಟು ಊದಿ ತೆಗೆಯುತ್ತಾನೆ. ಮಿಠಾಯಿ ಹಂಚಿಕೊಂಡ ಮೇಲೆ ನಾವಿಬ್ಬರೂ ಸ್ವಲ್ಪ ಮಾತಾಡತೊಡಗಿದೆವು. ನಾನು ಸೊಸೆಯ ಪಿತೂರಿ ಹೇಳಿದರೆ ಅವನು ಕೇಳಿಸಿಕೊಂಡು, 'ನನ್ ಗಾಡೀಲಿ ಹಂಗೆ ಬರ್ದಿಡೋರು ಯಾರೂ ಇಲ್ಲ ಗುರುವೇ' ಎಂದ. ಅವತ್ತು ಅದು ನನ್ನ ತಲೆಗೆ ಹೋಗಲಿಲ್ಲ.

ಈಗ ಗುರುವಾರದ ವಿಷಯ. ಪಕ್ಕದ ಹೊಲದಲ್ಲಿ ಬೆಂಕಿ ಎದ್ದು ಆರಿತು ಎಂದು ಗ್ರಾಂಟ್ ನಿನಗೆ ಫೋನಿನಲ್ಲಿ ಹೇಳಿರುತ್ತಾನೆ, ನೀನು ಗಾಬರಿಯಾಗುತ್ತೀಯ ಎಂದು ಉಳಿದದ್ದನ್ನು ನುಂಗಿಕೊಂಡಿದ್ದಾನೆ. ಉತ್ತರದ ಬಿಸಿಗಾಳಿ ಬೀಸುತ್ತಿತ್ತು, ನಲವತ್ತೊಂದು ಡಿಗ್ರಿ. ಮಧ್ಯಾಹ್ನ ಒಂದರ ಹೊತ್ತಿಗೆ ಪಕ್ಕದ ಕಾಲಿನ್‌ನ ಕಟಾವು ಯಂತ್ರಕ್ಕೆ ಬೆಂಕಿ ಹತ್ತಿತು, ಅಲ್ಲಿಂದ ಕೊಯ್ದ ಕೂಳೆಗೆ. ಗಾಡಿಗಳ ವೈರ್‌ಲೆಸ್ ರೇಡಿಯೋದಲ್ಲಿ ಕೂಗು ಬಂದರೆ ಇಲ್ಲಿ ಯಾರೂ ತನ್ನ ಗಾಡಿ ಯಾವುದು ಎಂದು ಹುಡುಕುವುದಿಲ್ಲವಲ್ಲ, ಬೀಗದಕೈ ಎಲ್ಲ ಗಾಡಿಯಲ್ಲೂ ಇರುತ್ತದೆ, ಹತ್ತಿರ ಯಾವುದಿದೆಯೋ ಅದಕ್ಕೆ ಹಾರಿ ಓಡಿಸುವುದು. ಲೆಸ್ ಯಂತ್ರದಿಂದ ಇಳಿದು ನಮ್ಮ ಹಳೆ ಪಿಕಪ್ಪಿಗೆ ಹಾರಿದ. ಗ್ರಾಂಟ್ ಟ್ರ್ಯಾಕ್ಟರ್ ತೆಗೆದುಕೊಂಡು ಬೆಂಕಿಯ ಮುಂದೆ ನೆಲ ಕೆರೆಯಲು ಹೋದ. ಕೆರಿನ್ ವಾರಂಡಿ ಆಂಬ್ಯುಲೆನ್ಸಿನಲ್ಲಿ ಬಂದು ಕಾಲಿನ್‌ನ ಸುಟ್ಟ ಕೈಗಳನ್ನು ನೋಡುತ್ತಿದ್ದಳು. ಪಕ್ಕದೂರು ಪೈನ್ ಹಟ್‌ನಿಂದಲೂ ಬೆಂಕಿ ಆರಿಸುವ ಗಾಡಿ, ಆಂಬ್ಯುಲೆನ್ಸು ಬಂದವು. ನಾನು ಊಟದ ಬುಟ್ಟಿ, ನೀರಿನ ಡಬ್ಬ ತುಂಬಿಕೊಂಡು ನನ್ನ ಗಾಡಿಯಲ್ಲಿ ಮೂರನೇ ಗೇಟಿನ ಹತ್ತಿರ ಬಂದಿದ್ದೆ. ಎರಡೂಕಾಲಿಗೆಲ್ಲ ಬೆಂಕಿ ಹತೋಟಿಗೆ ಬಂತು ಎಂದು ರೇಡಿಯೋದಲ್ಲಿ ಹೇಳಿದರು. ಅದಾದ ಸ್ವಲ್ಪ ಹೊತ್ತಿಗೆ ಪೈನ್ ಹಟ್‌ನ ಯಾರದೋ ಧ್ವನಿ ಬಂತು. 'ಗ್ರಾಂಟ್ ನೋಸ್ಕಿಗೆ ಯಾರಾದ್ರೂ ಹೇಳ್ರಪ್ಪ, ಅವರಪ್ಪ ಆಲ್ವಿನ್ ಬೇಲಿ ಹತ್ರ ಗಾಡೀಲಿ ಕುಸಿದುಬಿದ್ದಿದಾರೆ, ಎದೆನೋವು, ಸ್ಥಿತಿ ಚೆನ್ನಾಗಿಲ್ಲ.'

ನಾನು ಗಾಡಿಯಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದೇನೆ ಡಲ್ಸ್, ಕೈಯಲ್ಲಿ ಸ್ಯಾಂಡ್‌ವಿಚ್ ಇದೆ, ರೇಡಿಯೋದಲ್ಲಿ ನಾನು ಸಾಯುತ್ತಿದ್ದೇನೆ. ಬೇರೆ ಯಾರಾಗಿದ್ದರೂ ಮೈಕು ಎತ್ತಿ, ತಮ್ಮಾ, ನಾನು ಇಲ್ಲಿದ್ದೇನೆ, ಅಲ್ಲಿ ಬಿದ್ದವನು ಯಾರು ನೋಡು ಎನ್ನುತ್ತಿದ್ದರು. ನಾನು ಏನೆಂದುಕೊಂಡೆ ಗೊತ್ತೇ? ಓಹೋ, ಹೀಗೆ ಶುರುಮಾಡಿದರಾ ಎಂದುಕೊಂಡೆ. ನಾನು ಗಾಡಿಯಲ್ಲಿ ಕುಸಿದುಬಿದ್ದೆ ಎಂದು ಜಿಲ್ಲೆಗೆಲ್ಲ ಕೇಳುವಂತೆ ಹೇಳಿಸಿದರೆ ಡಾಕ್ಟರು ಇನ್ನು ಸಹಿ ಮಾಡುತ್ತಾರೆಯೇ? ಸೈಲೋ ಹತ್ತಿರ ನಿದ್ದೆ ಹೋದದ್ದಕ್ಕೆ ಬಾಲ ಕಟ್ಟುತ್ತಿದ್ದಾರೆ ಎಂದುಕೊಂಡೆ. ಕೋಪ ನೆತ್ತಿಗೇರಿತು. ರೇಡಿಯೋ ಆರಿಸಿಬಿಟ್ಟೆ. ಆರಿಸಿ ಸ್ಯಾಂಡ್‌ವಿಚ್ ತಿಂದೆ. ಇದನ್ನು ಬರೆಯುವಾಗ ನನ್ನ ಕೈ ನನಗೇ ಹಿಡಿಸುತ್ತಿಲ್ಲ.

ಬಿದ್ದವನು ಲೆಸ್. ಟ್ಯಾಂಕಿನ ನೀರು ಮುಗಿಯುವವರೆಗೂ ಬೆಂಕಿಯ ಅಂಚಿನಲ್ಲಿ ನಿಂತು ನೀರು ಹೊಡೆದಿದ್ದಾನೆ. ಆಮೇಲೆ ಎದೆ ಹಿಡಿದುಕೊಂಡು ಗಾಡಿಯೊಳಗೆ ಹತ್ತಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದಾನೆ. ಪೈನ್ ಹಟ್‌ನವರು ಬಾಗಿಲು ತೆಗೆದಾಗ ಕಂಡದ್ದು ಮಸಿ ಮೆತ್ತಿದ ಮುಖ, ಗಡ್ಡ, ಪಕ್ಕದಲ್ಲಿ ಕೆಂಪು ಚೀಲ, ಚೀಲದ ಮೇಲೆ ನನ್ನ ಹೆಸರು. ಅವರು ನನ್ನನ್ನೂ ನೋಡಿದವರಲ್ಲ, ಅವನನ್ನೂ ನೋಡಿದವರಲ್ಲ. ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟ ಕಾರ್ಡು ಸಿಕ್ಕರೆ ಯಾರು ತಾನೇ ನಂಬುವುದಿಲ್ಲ? 'ಆಲ್ವಿನ್, ಕೇಳಿಸ್ತಿದ್ಯಾ ಆಲ್ವಿನ್?' ಎಂದು ಕೇಳಿದಾಗೆಲ್ಲ ಅವನು ಇಲ್ಲ ಇಲ್ಲ ಎಂದು ತಲೆಯಾಡಿಸಿದ್ದಾನೆ. ಸಕ್ಕರೆ ಇಳಿದು ತನ್ನ ಹೆಸರೇ ಮರೆತಿದ್ದಾನೆ ಪಾಪ ಎಂದು ಅವರು ತಿಳಿದರು. ಸಕ್ಕರೆ ಅಳೆದು ನೋಡಿದರೆ ಸರಿಯಾಗಿಯೇ ಇತ್ತು. ಎದೆನೋವಿನವನಿಗೆ ಮೊದಲು ಕೊಡುವುದು ಆಸ್ಪಿರಿನ್. ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದರಂತೆ. ಕಾರ್ಡಿನ ಕೆಂಪು ಅಕ್ಷರ ನೋಡಿ ಮತ್ತೆ ಡಬ್ಬಿಗೆ ಹಾಕಿದರು.

ನನ್ನ ಹೆಸರು ಕೇಳಿದ ಕೆರಿನ್ ಕಾಲಿನ್‌ನನ್ನು ಜೊತೆಯವರ ಕೈಗೆ ಒಪ್ಪಿಸಿ ಕೂಳೆಯ ಮೇಲೆ ಓಡಿ ಬಂದಳಂತೆ. ಗಾಡಿ ಹತ್ತುವಷ್ಟೂ ತಾಳ್ಮೆಯಿಲ್ಲ, ಬೂಟಿನ ಅಡಿ ಕರಗುವ ಹಾಗಿದ್ದ ನೆಲ. ಬಂದವಳು ನನಗಾಗಿ ಬಂದಳು ಡಲ್ಸ್. ಸ್ಟ್ರೆಚರಿನ ಮೇಲೆ ಬಗ್ಗಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿ, 'ಇವ್ರು ನಮ್ ಮಾವ ಅಲ್ಲ, ಇವ್ರು ಲೆಸ್, ಆಸ್ಪಿರಿನ್ ಕೊಡಿ' ಎಂದಳಂತೆ. ಇಪ್ಪತ್ತೆರಡು ನಿಮಿಷ ಹೋಗಿತ್ತು. ವಿಮಾನದಲ್ಲಿ ಬರುವ ಡಾಕ್ಟರು ಬಂದು ಅವನನ್ನು ಅಡಿಲೇಡಿಗೆ ಒಯ್ದರು. ಬದುಕಿದ್ದಾನೆ. ಆದರೆ ಹೃದಯದ ಒಂದು ಭಾಗ ಸತ್ತಿದೆ, ಮುಂದೆ ಯಂತ್ರ ಹತ್ತುವಂತಿಲ್ಲ ಎಂದಿದ್ದಾರೆ. ಆ ಇಪ್ಪತ್ತೆರಡು ನಿಮಿಷದಿಂದಲೇ ಹಾಗಾಯಿತೋ ಇಲ್ಲವೋ ಯಾರೂ ಹೇಳುವುದಿಲ್ಲ. ಅವನ ಮನೆಯವರಿಗೆ ತಿಳಿಸೋಣವೆಂದರೆ ಅವನ ಗಾಡಿಯಲ್ಲಿ ಒಂದು ಚೂರು ಕಾಗದವಿಲ್ಲ, ಮಗಳ ಫೋನ್ ನಂಬರು ಹುಡುಕಲು ಗ್ರಾಂಟ್‌ಗೆ ಸಂಜೆಯಾಯಿತು.

ಮೂರೂವರೆಗೆ ಕೆರಿನ್ ನನ್ನನ್ನು ಹುಡುಕಿಕೊಂಡು ಮೂರನೇ ಗೇಟಿಗೆ ಬಂದಳು. ನಾನು ಸೀಟಿನಲ್ಲಿ ನೆಟ್ಟಗೆ ಕೂತಿರುವುದನ್ನೂ ಆರಿಸಿದ ರೇಡಿಯೋವನ್ನೂ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ನಿಂತಳು, ಆಮೇಲೆ ಧೂಳಿನಲ್ಲೇ ಕೂತುಬಿಟ್ಟಳು. ನಾನು ನೀರಿನ ಡಬ್ಬ ಕೊಟ್ಟೆ, ಕುಡಿದಳು. ಅಷ್ಟೇ ನಮ್ಮಿಬ್ಬರ ನಡುವೆ ನಡೆದದ್ದು.

ಈಗ ನಿಜವಾದ ತೊಡಕು. ಒಬ್ಬನ ಕಾರ್ಡು ಇನ್ನೊಬ್ಬನ ಪಕ್ಕದಲ್ಲಿ ಹೇಗೆ ಬಂತು ಎಂದು ಪೈನ್ ಹಟ್‌ನವರು ದೂರು ಕೊಟ್ಟಿದ್ದಾರೆ. ನ್ಯಾಯವೇ, ಅವರ ಮನಸ್ಸಿಗೂ ಕಷ್ಟವಾಗಿದೆ. ನಾಳೆ ಬುಧವಾರ ನಾಲ್ಕು ಗಂಟೆಗೆ ಟೌನ್ ಹಾಲಿನಲ್ಲಿ ಎರಡೂ ಆಂಬ್ಯುಲೆನ್ಸಿನವರ ಸಭೆ. ಕೆರಿನ್ ಎಲ್ಲರ ಮುಂದೆ, 'ಎರಡೂ ಬಿಳೀ ಪಿಕಪ್ಪು, ಬೆಳಗ್ಗೆ ಅವಸರದಲ್ಲಿ ನಾನೇ ತಪ್ಪು ಗಾಡೀಲಿ ಇಟ್ಟೆ' ಎಂದು ಹೇಳಿಬಿಟ್ಟಿದ್ದಾಳೆ. ನಾಳೆ ಹಸಿರು ಸಮವಸ್ತ್ರ ಹಿಂದಿರುಗಿಸುತ್ತಾಳಂತೆ. ಒಗೆದು ಇಸ್ತ್ರಿ ಮಾಡಿ ಅಡುಗೆಮನೆಯ ಕುರ್ಚಿಯ ಮೇಲೆ ಮಡಿಸಿಟ್ಟಿದ್ದಾಳೆ, ನಾನು ಟೀ ಕುಡಿಯುವಾಗೆಲ್ಲ ಅದು ಎದುರಿಗೇ ಇರುತ್ತದೆ. ಗ್ರಾಂಟ್ ಅವಳ ಜೊತೆ ಮಾತಾಡುತ್ತಿಲ್ಲ, ನನ್ನ ಅಪ್ಪನ ಮದ್ದನ್ನು ಸರಿಯಾಗಿ ಇಡಲಾಗಲಿಲ್ಲವೇ ಎಂದು. ಅವಳು ಹೋದರೆ ವಾರಂಡಿಯ ಆಂಬ್ಯುಲೆನ್ಸಿಗೆ ಇನ್ನು ಉಳಿಯುವುದು ಮೂವರು. ಮೂವರಲ್ಲಿ ಒಬ್ಬ ನನಗಿಂತ ಮುದುಕ.

ನನಗೆ ಅರ್ಥವಾಗದ್ದು ಇದು. ಅವಳು ಗುರುವಾರ ಬೆಳಗ್ಗೆ ಚೀಲವನ್ನು ನನ್ನ ಗಾಡಿಯಲ್ಲೇ ಇಟ್ಟಳು, ಕಿಟಕಿಯಿಂದ ನಾನೇ ನೋಡಿದೆ. ಅದು ಅವಳಿಗೂ ಗೊತ್ತಿರಲೇಬೇಕು, ಮರೆಯುವವಳಲ್ಲ. ಹಾಗಾದರೆ ಸುಳ್ಳು ಏಕೆ ಹೇಳುತ್ತಾಳೆ? ನನ್ನನ್ನು ಋಣದಲ್ಲಿ ಕೆಡವಿ ಆಮೇಲೆ ಬಗ್ಗಿಸುವುದಕ್ಕೇ? ಅಥವಾ ಸಭೆಯಲ್ಲಿ ಕೊನೆಯ ಗಳಿಗೆಯಲ್ಲಿ ಎದ್ದು, ನಿಜ ಹೇಳುತ್ತೇನೆ ಕೇಳಿ, ಮಾಡಿದ್ದು ಈ ಮುದುಕ ಎಂದು ಬೆರಳು ತೋರಿಸುವುದಕ್ಕೇ? ಐದು ದಿನದಿಂದ ಅವಳ ಮುಖವನ್ನೇ ನೋಡುತ್ತಿದ್ದೇನೆ, ಏನೂ ಸಿಗುತ್ತಿಲ್ಲ. ನಿನ್ನೆ ಸಂಜೆಯೂ ನನ್ನ ಗಾಡಿಗೆ ಹೋಗಿ ಇಟ್ಟಿಗೆ ಬದಲಾಯಿಸಿದಳು. ಈ ಸಲ ಹತ್ತಿರ ಹೋಗಿ ನಿಂತೆ. ಇನ್ಸುಲಿನ್ ಬಾಟಲಿಯನ್ನು ಬೆಳಕಿಗೆ ಹಿಡಿದು ಮೋಡ ಕಟ್ಟಿದೆಯೇ ನೋಡಿದಳು, ಟವೆಲ್ಲಿನಲ್ಲಿ ಸುತ್ತಿದಳು, ಹೊಸ ಮಿಠಾಯಿ ಪೊಟ್ಟಣ ಹಾಕಿದಳು. ಮೀಟರ್ ಕಡೆ ಕಣ್ಣೂ ಹಾಯಿಸಲಿಲ್ಲ.

ನಾನು ಬಾಯಿ ಬಿಟ್ಟರೆ ನನ್ನ ಗಾಡಿ ಹೋಗುತ್ತದೆ. ಬಿಡದಿದ್ದರೆ ಅವಳ ಹನ್ನೊಂದು ವರ್ಷ ಹೋಗುತ್ತದೆ. ಇಷ್ಟು ಸರಳವಾಗಿದೆ. ಆದರೂ ಐದು ದಿನ ಟೀ ಕುಡಿದುಕೊಂಡು ಕೂತಿದ್ದೇನೆ. ನೀನು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬರೆಯಬೇಕೆಂದಿದ್ದೆ. ನೀನು ಇದ್ದರೂ ಚೀಲ ಬಚ್ಚಿಡುತ್ತಿದ್ದೆ, ನಿನಗೂ ತಿಳಿಯದ ಹಾಗೆ. ಸಭೆಗೆ ನಾಳೆ ಕೆರಿನ್ ಜೊತೆ ಹೋಗುತ್ತೇನೆ ಎಂದಿದ್ದೇನೆ. ಹೋಗಿ ಏನು ಮಾಡುತ್ತೇನೆ ಎಂದು ನನಗಿನ್ನೂ ಗೊತ್ತಿಲ್ಲ.

ಎಲ್ವಾಳಿಗೆ ನಮಸ್ಕಾರ ಹೇಳು, ಸೊಂಟ ಬೇಗ ಕೂಡಲಿ. ನೀನು ಮಾಡಿಟ್ಟು ಹೋದ ಹಣ್ಣಿನ ಕೇಕು ಇನ್ನೂ ಅರ್ಧ ಇದೆ, ನಾನು ಮುಟ್ಟಿಲ್ಲ, ನಿಜವಾಗಿಯೂ ಮುಟ್ಟಿಲ್ಲ. ದೇವರು ನಿನ್ನನ್ನೂ ನಿನ್ನ ಮಂಡಿಯನ್ನೂ ಕಾಯಲಿ.

ನಿನ್ನ,
ಆಲ್ವಿನ್

ಹಿಂಬರಹ: ಬುಧವಾರ, ಐದಕ್ಕೆ ಹತ್ತು ನಿಮಿಷ. ಅಂಚೆ ಕಚೇರಿಯ ಹುಡುಗಿ ಬಾಗಿಲು ಹಾಕಲು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮನೆಯಿಂದ ಹೊರಟಾಗ ಗಾಡಿಯ ಬೀಗದಕೈಯನ್ನು ಕೆರಿನ್ ಕೈಗೆ ಕೊಟ್ಟೆ. ಅವಳೇ ಓಡಿಸಿದಳು. ಮೂರನೇ ಗೇಟಿನ ಹತ್ತಿರ, ಕೆರಿನ್, ಚೀಲ ಆ ಗಾಡಿಗೆ ಸಾಗಿಸಿದ್ದು ನಾನು ಎಂದೆ. ಅವಳು ಗಾಡಿ ನಿಲ್ಲಿಸಿ, ಸಭೆಗೆಂದು ತೊಟ್ಟಿದ್ದ ಸಮವಸ್ತ್ರದ ಜೇಬಿಗೆ ಕೈಹಾಕಿ ಒಂದು ತುಂಡು ಹುರಿ ತೆಗೆದಳು. ಮಸಿಯಾದ ಹುರಿ, ಮೂರು ಸುತ್ತಿನ ಗಂಟು ಹಾಗೇ ಇದೆ. ಅವತ್ತೇ, ಯಾರೂ ನೋಡುವ ಮುಂಚೆ ಕತ್ತರಿಯಿಂದ ಕತ್ತರಿಸಿ ಎತ್ತಿಟ್ಟುಕೊಂಡಿದ್ದಾಳೆ. 'ಈ ಗಂಟು ಹಾಕೋರು ನಿಮ್ಮನ್ನ ಬಿಟ್ರೆ ಜಿಲ್ಲೇಲಿ ಇನ್ಯಾರಿದಾರೆ ಪಾಪ್? ಗಾಡಿ ಕೀ ನಿಮ್ಮ ಕೈಯಿಂದ ಕಿತ್ಕೊಳ್ಳೋಳು ನಾನಾಗ್ಬಾರ್ದು ಅನ್ನಿಸ್ತು' ಎಂದಳು. ಅಷ್ಟೇ ಅವಳ ಪಿತೂರಿ, ಡಲ್ಸ್. ನಾನು ಅತ್ತುಬಿಟ್ಟೆ. ಅದನ್ನು ಎಲ್ವಾಳಿಗೆ ಓದಿ ಹೇಳಬೇಡ.

ಸಭೆಯಲ್ಲಿ ಅವಳು ಬಾಯಿ ತೆಗೆಯುವ ಮುಂಚೆ ನಾನೇ ಎದ್ದು ನಿಂತು ಎಲ್ಲ ಹೇಳಿದೆ. ರೇಡಿಯೋ ಆರಿಸಿದ್ದನ್ನೂ ಹೇಳಿದೆ. ಸಮವಸ್ತ್ರ ಅವಳ ಮೈಮೇಲೇ ಇದೆ. ಹಾಗೇ ಇನ್ನೊಂದು ಹೇಳಿದೆ, ಅದನ್ನು ನಿನಗೂ ಹೇಳಿರಲಿಲ್ಲ. ಅಕ್ಟೋಬರಿನಲ್ಲಿ ಸೈಲೋ ಮುಂದೆ ನಾನು ನಿದ್ದೆ ಹೋಗಿರಲಿಲ್ಲ. ಕಣ್ಣು ಬಿಟ್ಟಾಗ ಎಲ್ಲಿದ್ದೇನೆ, ಗಾಡಿ ಯಾರದು ಎಂದು ಒಂದೂ ತಿಳಿದಿರಲಿಲ್ಲ. ಶುಕ್ರವಾರ ಡಾಕ್ಟರಿಗೂ ಇದನ್ನೇ ಹೇಳುತ್ತೇನೆ, ಕಾಗದದಲ್ಲಿ ಏನು ಬರೆಯುತ್ತಾರೋ ಬರೆಯಲಿ. ಕಾರ್ಡು ಈಗ ಗಾಡಿಯಲ್ಲಿಲ್ಲ, ನನ್ನ ಅಂಗಿಯ ಜೇಬಿನಲ್ಲಿದೆ. ಲೆಸ್ ಇರುವ ಆಸ್ಪತ್ರೆ ಎಲ್ವಾಳ ಮನೆಯಿಂದ ಎರಡೇ ಟ್ರಾಮ್ ನಿಲ್ದಾಣ. ಹೋಗಿ ನೋಡು. ಮಾಡಿದ್ದು ನನ್ನ ಗಂಡ ಎಂದು ಹೇಳು, ಮುಂದಿನ ವಾರ ಕೆರಿನ್ ಕರೆತಂದಾಗ ನಾನೂ ಹೇಳುತ್ತೇನೆ. ಅವನದೂ ಒಂದು ಕಾರ್ಡು ಬರೆಸಿಕೊಂಡು ಬಾ.

ಮನೆಗೆ ಹೊರಡಬೇಕು, ಗಾಡಿಯಲ್ಲಿ ಕೆರಿನ್ ಕಾಯುತ್ತಿದ್ದಾಳೆ. ಬರುವಾಗ ಏಳು ಗೇಟನ್ನೂ ನಾನೇ ಇಳಿದು ತೆಗೆದೆ, ನಾನೇ ಮುಚ್ಚಿದೆ. ನಾಲ್ಕನೆಯದು ಎಷ್ಟು ಭಾರವಿದೆ ಡಲ್ಸ್, ಐವತ್ತೊಂದು ವರ್ಷದಲ್ಲಿ ನೀನು ಒಂದು ಸಲವೂ ಹೇಳಲಿಲ್ಲವಲ್ಲ.